ಅಪ್ಪ ಬೇಕಾ, ಅಮ್ಮ ಬೇಕಾ: ಮಗುವಿನ ಮಾತು ಕೋರ್ಟಿಗೆ ತಲುಪಿದ ಕಥೆ

ನಾವು ಸುದ್ದಿ ಬರೆಯಲು ಶುರು ಮಾಡಿದ ಹೊಸದರಲ್ಲಿ, ಹೋಬಳಿಯ ಒಂದು ಊರಿನ ಅರಳಿಕಟ್ಟೆಯಲ್ಲಿ ನಡೆದ ಪಂಚಾಯ್ತಿಗೆ ಹೋಗಿದ್ದೆವು. ಹೋಗಿದ್ದು ಕೊಳವೆಬಾವಿ ಜಗಳದ ಸುದ್ದಿಗೆ. ಅದು ಮುಗಿದ ಮೇಲೆ ಇನ್ನೊಂದು ವ್ಯಾಜ್ಯ ಬಂತು. ಗಂಡ ಹೆಂಡತಿ ಬೇರೆಯಾಗುವುದೆಂದು ಮೊದಲೇ ತೀರ್ಮಾನವಾಗಿತ್ತು. ಒಡವೆ, ಪಾತ್ರೆ, ಎರಡು ಹಸು, ಎಲ್ಲದರ ಲೆಕ್ಕವೂ ಆಗಿತ್ತು. ಉಳಿದಿದ್ದು ಎಂಟು ವರ್ಷದ ಒಬ್ಬಳು ಹುಡುಗಿ ಮತ್ತು ಅವಳ ಪುಟ್ಟ ತಮ್ಮ.

ಹುಡುಗಿಯನ್ನು ಕರೆದು ಕಟ್ಟೆಯ ಮುಂದೆ ನಿಲ್ಲಿಸಿದರು. ಸುತ್ತ ನಲವತ್ತು ಐವತ್ತು ಜನ. ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: "ಹೇಳವ್ವ, ನಿಂಗೆ ಅಪ್ಪ ಬೇಕಾ, ಅಮ್ಮ ಬೇಕಾ?"

ಹುಡುಗಿ ಸ್ವಲ್ಪ ಹೊತ್ತು ಕಾಲ ಬೆರಳಿನಿಂದ ಮಣ್ಣು ಕೆದಕಿದಳು. ಆಮೇಲೆ ಕೇಳಿದಳು: "ತಮ್ಮ ಎಲ್ಲಿರ್ತಾನೆ?"

ಜನ ನಕ್ಕರು. ನಾವೂ ನಕ್ಕೆವು. ಸಂಜೆ ಅದನ್ನೇ ನಾಲ್ಕು ಸಾಲಿನ ಸುದ್ದಿ ಮಾಡಿ ಕಳಿಸಿದೆವು. ಹೆಸರು ಹಾಕಿರಲಿಲ್ಲ, ಆದರೆ ಊರ ಹೆಸರು ಹಾಕಿದ್ದೆವು. ಅಷ್ಟು ಸಾಕಾಗಿತ್ತು. ಶಾಲೆಯಲ್ಲಿ ಮಕ್ಕಳು ಅವಳನ್ನು ಕಂಡಾಗಲೆಲ್ಲ ಅದೇ ಪ್ರಶ್ನೆ ಕೇಳಿ ಆಡಿಕೊಂಡರಂತೆ. ವಾರಗಟ್ಟಲೆ ಆ ಹುಡುಗಿ ಶಾಲೆಗೆ ಬರಲಿಲ್ಲ ಎಂದು ಅಲ್ಲಿನ ಮೇಡಂ ನಮಗೆ ಹೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ.

ಆ ದಿನದಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಮಗುವನ್ನು ಕೇಳಿದ್ದು ತಪ್ಪೇ, ಅಥವಾ ಕೇಳಿದ ರೀತಿ ತಪ್ಪೇ? ನಮ್ಮ ಕಾನೂನು ಮಗುವಿನ ಇಷ್ಟವನ್ನು ಯಾವಾಗಿನಿಂದ ಕೇಳುತ್ತಿದೆ? ಹುಡುಕುತ್ತಾ ಹೋದಾಗ ಕಥೆ ಇಂಗ್ಲೆಂಡಿನಿಂದ ಹೊರಟು ನಮ್ಮ ಪಕ್ಕದ ಮದನಪಲ್ಲಿಯ ಇಬ್ಬರು ಹುಡುಗರ ಹತ್ತಿರ ಬಂದು ನಿಂತಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಮಗು ಎಂದರೆ ತಂದೆಯ ಸೊತ್ತು

ನಮ್ಮ ಕೋರ್ಟುಗಳ ಕಾನೂನಿನ ಬಹುಪಾಲು ಬ್ರಿಟಿಷರ ಕಾಲದ್ದು. ಅಲ್ಲಿಯ ಹಳೆಯ ಕಾನೂನಿನಲ್ಲಿ ಮಕ್ಕಳ ಮೇಲೆ ತಂದೆಯದೇ ಪೂರ್ತಿ ಅಧಿಕಾರ. ತಾಯಿಗೆ ಮಕ್ಕಳನ್ನು ನೋಡುವ ಹಕ್ಕೂ ಇರಲಿಲ್ಲ. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಗಂಡ ಮೂವರು ಮಕ್ಕಳನ್ನು ಅವಳಿಂದ ದೂರ ಮಾಡಿದ. ಅವಳು ಸುಮ್ಮನೆ ಕೂರಲಿಲ್ಲ. ಬರೆದಳು, ಸಂಸದರ ಬೆನ್ನು ಬಿದ್ದಳು. 1839ರಲ್ಲಿ ಒಂದು ಕಾನೂನು ಬಂತು. ಏಳು ವರ್ಷದೊಳಗಿನ ಮಗುವನ್ನು ತನ್ನ ಹತ್ತಿರ ಇಟ್ಟುಕೊಳ್ಳಲು ತಾಯಿ ಕೋರ್ಟನ್ನು ಕೇಳಬಹುದು ಎಂದಾಯಿತು. ಗಮನಿಸಿ, ತಾಯಿ ಕೇಳಬಹುದು ಅಷ್ಟೇ. ಮಗುವಿನ ಮಾತು ಇನ್ನೂ ಎಲ್ಲೂ ಇಲ್ಲ.

1883ರ ಒಂದು ತೀರ್ಪು ನೋಡಿದರೆ ಆ ಕಾಲದ ಮನಸ್ಸು ಅರ್ಥವಾಗುತ್ತದೆ. ಅದನ್ನು ಅಗರ್-ಎಲ್ಲಿಸ್ ಮೊಕದ್ದಮೆ ಎನ್ನುತ್ತಾರೆ. ತಂದೆ ಪ್ರಾಟೆಸ್ಟೆಂಟ್, ತಾಯಿ ಕ್ಯಾಥೊಲಿಕ್. ಮಕ್ಕಳನ್ನು ತಾಯಿಯ ಧರ್ಮದಲ್ಲಿ ಬೆಳೆಸುತ್ತೇನೆಂದು ಮದುವೆಗೆ ಮುಂಚೆ ಮಾತು ಕೊಟ್ಟಿದ್ದ ತಂದೆ ಆಮೇಲೆ ಮಾತು ಮುರಿದ. ಮಗಳಿಗೆ ಹದಿನಾರು ವರ್ಷವಾಗಿತ್ತು. ರಜೆಯನ್ನು ಅಮ್ಮನ ಜೊತೆ ಕಳೆಯಬೇಕು ಎಂಬುದಷ್ಟೇ ಅವಳ ಆಸೆ. ತಾಯಿ ಮಗಳು ಇಬ್ಬರೂ ಕೋರ್ಟಿನಲ್ಲಿ ಬೇಡಿಕೊಂಡರು. ಕೋರ್ಟು ಆಗುವುದಿಲ್ಲ ಎಂದಿತು. ತಂದೆ ದೊಡ್ಡ ಅಪರಾಧ ಮಾಡದ ಹೊರತು ಅವನ ಅಧಿಕಾರದಲ್ಲಿ ಕೈ ಹಾಕುವುದಿಲ್ಲ ಎಂಬುದು ಆ ನ್ಯಾಯಾಧೀಶರ ನಿಲುವು. ಹದಿನಾರರ ಹುಡುಗಿ ಏನು ಬಯಸುತ್ತಾಳೆ ಎಂಬುದಕ್ಕೆ ಬೆಲೆಯೇ ಇರಲಿಲ್ಲ.

ಇಂಥ ತೀರ್ಪುಗಳ ಬಗ್ಗೆ ಅಲ್ಲಿಯೇ ಅಸಮಾಧಾನ ಬೆಳೆಯಿತು. 1886ರಲ್ಲಿ ಇನ್ನೊಂದು ಕಾನೂನು ಬಂದು, ಕೋರ್ಟು ಮಗುವಿನ ಹಿತವನ್ನೂ ತಂದೆ ತಾಯಿ ಇಬ್ಬರ ಇಷ್ಟವನ್ನೂ ನೋಡಬೇಕು ಎಂದಿತು. ನಾಲ್ಕು ವರ್ಷಕ್ಕೆ ಅದರ ಗಾಳಿ ಭಾರತಕ್ಕೂ ಬೀಸಿತು.

1890ರ ಒಂದು ಸಾಲು

1890ರಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ 'ಗಾರ್ಡಿಯನ್ಸ್ ಅಂಡ್ ವಾರ್ಡ್ಸ್' ಕಾಯ್ದೆ ತಂತು. ಕನ್ನಡದಲ್ಲಿ ಪೋಷಕರು ಮತ್ತು ಪಾಲಿತರ ಕಾಯ್ದೆ ಎನ್ನಬಹುದು. ಹಲವು ತಿದ್ದುಪಡಿಗಳೊಡನೆ ಅದು ಇವತ್ತಿಗೂ ಜಾರಿಯಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಯಾರದೇ ಮಗುವಿನ ವ್ಯಾಜ್ಯ ಬಂದರೂ ವಕೀಲರು ಮೊದಲು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು.

ಅದರ 17ನೇ ಸೆಕ್ಷನ್ನಿನಲ್ಲಿ, ಮಗು ಯಾರ ಹತ್ತಿರ ಇರಬೇಕೆಂದು ತೀರ್ಮಾನಿಸುವಾಗ ಕೋರ್ಟು ಏನೇನು ನೋಡಬೇಕು ಎಂಬ ಪಟ್ಟಿ ಇದೆ. ಮಗುವಿನ ವಯಸ್ಸು, ಗಂಡೋ ಹೆಣ್ಣೋ, ಧರ್ಮ. ಪೋಷಕರಾಗಲು ಬಂದವರ ನಡತೆ, ಯೋಗ್ಯತೆ, ಹತ್ತಿರದ ನೆಂಟಸ್ತಿಕೆ. ಈ ಪಟ್ಟಿಯ ನಂತರ ಒಂದೇ ಒಂದು ಸಾಲು. ಮಗುವಿಗೆ ತಿಳಿದು ಇಷ್ಟ ಹೇಳುವಷ್ಟು ವಯಸ್ಸಾಗಿದ್ದರೆ ಕೋರ್ಟು ಆ ಇಷ್ಟವನ್ನು ಪರಿಗಣಿಸಬಹುದು ಎಂದು ಅದರ ಅರ್ಥ.

ಇಲ್ಲಿ ಎರಡು ವಿಷಯ ನೋಡಬೇಕು. ಒಂದು, ಎಷ್ಟು ವಯಸ್ಸು ಎಂದು ಬರೆದಿಲ್ಲ. ಏಳಲ್ಲ, ಒಂಬತ್ತಲ್ಲ, ಹನ್ನೆರಡಲ್ಲ. ಮಗುವಿಗೆ ತಿಳಿವಳಿಕೆ ಬಂದಿದೆಯೇ ಎಂಬುದಷ್ಟೇ ಅಳತೆ. ಎರಡು, 'ಪರಿಗಣಿಸಬಹುದು' ಎಂದಿದೆಯೇ ಹೊರತು 'ಪರಿಗಣಿಸಲೇಬೇಕು' ಎಂದಿಲ್ಲ. ಬಾಗಿಲು ತೆರೆದಿಟ್ಟರು, ಒಳಗೆ ಕರೆಯುವುದನ್ನು ಜಡ್ಜ್ ಇಷ್ಟಕ್ಕೆ ಬಿಟ್ಟರು.

ಅದೇ ಸೆಕ್ಷನ್ನಿನಲ್ಲಿ ಯುರೋಪಿಯನ್ ತಂದೆ ತಾಯಿಗೆ ಬೇರೆ ನಿಯಮವೂ ಇತ್ತು. ಅವರಲ್ಲಿ ಯಾರಿಗೂ ಹುಟ್ಟಿನಿಂದ ಬಂದ ಹಕ್ಕಿಲ್ಲ, ಚಿಕ್ಕ ಗಂಡುಮಗು ಮತ್ತು ಹೆಣ್ಣುಮಕ್ಕಳು ತಾಯಿಗೆ, ಓದು ಕೆಲಸ ಕಲಿಯುವ ವಯಸ್ಸಿನ ಹುಡುಗ ತಂದೆಗೆ ಎಂದು. ಆಳುವವರ ಮಕ್ಕಳಿಗೊಂದು, ಆಳಿಸಿಕೊಳ್ಳುವವರ ಮಕ್ಕಳಿಗೊಂದು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಅದನ್ನು ತೆಗೆದುಹಾಕಿದರು.

ಮಗುವನ್ನು ಕೇಳುವ ಯೋಚನೆ ಇಂಗ್ಲಿಷರದೇ ಎಂದುಕೊಳ್ಳಬೇಡಿ. ಇಸ್ಲಾಂ ಶಾಸ್ತ್ರದಲ್ಲಿ ಶಾಫಿ ಪಂಥ ಎಂಬುದೊಂದಿದೆ. ನಮ್ಮ ಕರಾವಳಿಯ ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಈ ಪಂಥದವರು. ತಿಳಿವಳಿಕೆ ಬಂದ ಮಗು ತಂದೆ ತಾಯಿಯಲ್ಲಿ ಒಬ್ಬರನ್ನು ಆರಿಸಿಕೊಳ್ಳಬಹುದು ಎಂಬ ನಿಯಮ ಆ ಶಾಸ್ತ್ರದಲ್ಲಿ ನೂರಾರು ವರ್ಷಗಳಿಂದ ಇದೆ.

ಹೀಗೆ 1890ರ ಸಾಲು ಪುಸ್ತಕದಲ್ಲಿ ಕೂತಿತ್ತು. ಅದರ ಹಿಂದಿನ ವಿಚಾರ ದೇಶಕ್ಕೆಲ್ಲ ಗೊತ್ತಾಗುವಂತೆ ಚರ್ಚೆಗೆ ಬಂದದ್ದು ಇಪ್ಪತ್ತಮೂರು ವರ್ಷಗಳ ನಂತರ, ಒಬ್ಬ ನಿವೃತ್ತ ತಹಶೀಲ್ದಾರರ ಮಕ್ಕಳ ವಿಷಯದಲ್ಲಿ.

ಮದನಪಲ್ಲಿಯ ತಹಶೀಲ್ದಾರರ ಮಕ್ಕಳು

ಶ್ರೀನಿವಾಸಪುರ, ಚಿಂತಾಮಣಿ ಕಡೆಯವರಿಗೆ ಮದನಪಲ್ಲಿ ಹೊಸ ಊರಲ್ಲ. ನಮ್ಮಲ್ಲಿ ರೇಟು ಬಿದ್ದಾಗ ಅಲ್ಲಿಯ ಟೊಮೆಟೊ ಮಂಡಿಯಲ್ಲಿ ಎಷ್ಟಿದೆ ಎಂದು ಫೋನ್ ಮಾಡಿ ಕೇಳುತ್ತೇವೆ. ಅದೇ ಊರಿನಲ್ಲಿ 1895ರಲ್ಲಿ ಜಿಡ್ಡು ನಾರಾಯಣಯ್ಯ ಮತ್ತು ಸಂಜೀವಮ್ಮ ದಂಪತಿಗೆ ಎಂಟನೇ ಮಗು ಹುಟ್ಟಿತು. ಎಂಟನೆಯವನಾದ್ದರಿಂದ ಕೃಷ್ಣಮೂರ್ತಿ ಎಂದು ಹೆಸರಿಟ್ಟರು. 1898ರಲ್ಲಿ ತಮ್ಮ ನಿತ್ಯಾನಂದ ಹುಟ್ಟಿದ. ಜಿಡ್ಡು ಕೃಷ್ಣಮೂರ್ತಿ ಎಂದು ಮುಂದೆ ಪ್ರಪಂಚಕ್ಕೆಲ್ಲ ಗೊತ್ತಾದವರು ಈ ಅಣ್ಣನೇ.

ನಾರಾಯಣಯ್ಯ ರೆವಿನ್ಯೂ ಇಲಾಖೆಯಲ್ಲಿದ್ದರು, ತಹಶೀಲ್ದಾರರಾದರು. 1905ರಲ್ಲಿ ಹೆಂಡತಿ ತೀರಿಕೊಂಡರು. 1907ರ ಕೊನೆಗೆ ನಿವೃತ್ತಿಯಾಯಿತು. ಅವರು ಬಹಳ ಹಿಂದಿನಿಂದ ಥಿಯೊಸಾಫಿಕಲ್ ಸೊಸೈಟಿಯ ಸದಸ್ಯರು. ಅದರ ಕೇಂದ್ರ ಮದ್ರಾಸಿನ ಅಡ್ಯಾರ್, ಅಧ್ಯಕ್ಷೆ ಆ್ಯನಿ ಬೆಸೆಂಟ್. ಕೆಲಸ ಕೊಡಿ ಎಂದು ನಾರಾಯಣಯ್ಯ ಪತ್ರ ಬರೆದರು. ಮೊದಲು ಬೇಡ ಎಂದ ಬೆಸೆಂಟ್ ಕೊನೆಗೆ ಒಪ್ಪಿದರು. 1909ರ ಜನವರಿಯಲ್ಲಿ ತಾಯಿಯಿಲ್ಲದ ಮಕ್ಕಳನ್ನು ಕಟ್ಟಿಕೊಂಡು ತಂದೆ ಅಡ್ಯಾರಿಗೆ ಬಂದರು. ಸಿಕ್ಕಿದ್ದು ಸೊಸೈಟಿಯ ಆವರಣದ ಹೊರಗೆ ಒಂದು ಸಣ್ಣ ಮನೆ.

ಅದೇ ವರ್ಷ ಸೊಸೈಟಿಯ ಮುಖಂಡರಲ್ಲೊಬ್ಬರಾದ ಚಾರ್ಲ್ಸ್ ಲೆಡ್‌ಬೀಟರ್ ಸಮುದ್ರದ ದಂಡೆಯಲ್ಲಿ ಹುಡುಗ ಕೃಷ್ಣಮೂರ್ತಿಯನ್ನು ಕಂಡರು. ಈ ಹುಡುಗ ಮುಂದೆ ಜಗದ್ಗುರುವಾಗುತ್ತಾನೆ ಎಂದು ಸಾರಿದರು. ಬೆಸೆಂಟ್ ನಂಬಿದರು. ಅಣ್ಣ ತಮ್ಮ ಇಬ್ಬರನ್ನೂ ಶಾಲೆ ಬಿಡಿಸಿ, ಸೊಸೈಟಿಯೊಳಗೇ ಪಾಠ, ಊಟ, ಬಟ್ಟೆ ಎಲ್ಲ ಬದಲಾಯಿಸಿದರು.

1910ರ ಮಾರ್ಚ್ 6ರಂದು ನಾರಾಯಣಯ್ಯ ಒಂದು ಪತ್ರಕ್ಕೆ ಸಹಿ ಹಾಕಿದರು. ತಮ್ಮ ಇಬ್ಬರು ಮಕ್ಕಳಿಗೆ ಬೆಸೆಂಟ್ ಅವರನ್ನು ಪೋಷಕರನ್ನಾಗಿ ಮಾಡಿದ್ದೇನೆ ಎಂಬ ಪತ್ರ ಅದು. ನಮ್ಮ ಊರುಗಳಲ್ಲಿ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವುದಿಲ್ಲವೇ, ಹೆಚ್ಚು ಕಡಿಮೆ ಅದೇ ಥರದ್ದು.

ಮರುವರ್ಷ ಬೆಸೆಂಟ್ ಹುಡುಗರನ್ನು ಇಂಗ್ಲೆಂಡಿಗೆ ಕರೆದೊಯ್ದು ಮರಳಿ ತಂದರು. ಇಷ್ಟರಲ್ಲಿ ಹುಡುಗನ ಸುತ್ತ ಒಂದು ಸಂಘ ಕಟ್ಟಿ, ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿಯಾಗಿತ್ತು. ಜನ ಅವನ ಕಾಲಿಗೆ ಬೀಳತೊಡಗಿದ್ದರು. ತಂದೆಗೆ ಭಯ ಹತ್ತಿತು. ಮುಖ್ಯವಾಗಿ ಲೆಡ್‌ಬೀಟರ್ ಮಕ್ಕಳ ಹತ್ತಿರ ಇರಬಾರದು ಎಂದು ಅವರು ಹಟ ಹಿಡಿದರು. ಆ ಮನುಷ್ಯನಿಂದ ದೂರ ಇಡುವುದಾದರೆ ಮಾತ್ರ ಕರೆದೊಯ್ಯಿರಿ ಎಂದು ಒಪ್ಪಿದರು. 1912ರ ಫೆಬ್ರವರಿಯಲ್ಲಿ ಹುಡುಗರು ಮತ್ತೆ ಹಡಗು ಹತ್ತಿದರು. ಆದರೆ ಆ ವರ್ಷವೇ ಇಟಲಿಯ ಸಿಸಿಲಿಯಲ್ಲಿ ಅವರು ಲೆಡ್‌ಬೀಟರ್ ಜೊತೆ ಇದ್ದರು. ಬೆಸೆಂಟ್ ಹುಡುಗರನ್ನು ಇಂಗ್ಲೆಂಡಿನಲ್ಲೇ ಬಿಟ್ಟು ತಾವೊಬ್ಬರೇ ಭಾರತಕ್ಕೆ ಬಂದರು. ಅಕ್ಟೋಬರಿನಲ್ಲಿ ನಾರಾಯಣಯ್ಯ ಕೋರ್ಟಿಗೆ ಹೋದರು.

ಮದ್ರಾಸಿನಲ್ಲಿ ಅಪ್ಪನ ಗೆಲುವು

ಅಡ್ಯಾರ್ ಆಗ ಚೆಂಗಲ್ಪಟ್ಟು ಜಿಲ್ಲೆಗೆ ಸೇರಿತ್ತು. ದಾವೆ ಹೂಡಿದ್ದು ಅಲ್ಲಿಯ ಜಿಲ್ಲಾ ಕೋರ್ಟಿನಲ್ಲಿ. ಆಮೇಲೆ ಅದು ಮದ್ರಾಸ್ ಹೈಕೋರ್ಟಿಗೆ ವರ್ಗವಾಯಿತು. ತಂದೆಯ ಪರ ವಕೀಲರು ಸಿ.ಪಿ. ರಾಮಸ್ವಾಮಿ ಅಯ್ಯರ್. ಬೆಸೆಂಟ್ ವಕೀಲರನ್ನು ಇಟ್ಟುಕೊಳ್ಳದೆ ತಮ್ಮ ವಾದ ತಾವೇ ಮಂಡಿಸಿದರು. ಪತ್ರಿಕೆಗಳಿಗೆ ಹಬ್ಬ.

ತಂದೆಯ ಕಡೆಯಿಂದ ಲೆಡ್‌ಬೀಟರ್ ನಡತೆಯ ಮೇಲೆ ಗಂಭೀರ ಆರೋಪ ಬಂತು. 1913ರ ಏಪ್ರಿಲ್ 15ರಂದು ನ್ಯಾಯಮೂರ್ತಿ ಬೇಕ್‌ವೆಲ್ ತೀರ್ಪು ಕೊಟ್ಟರು. ಆರೋಪ ಸಾಬೀತಾಗಿಲ್ಲ, ಆದರೂ ಅಂಥವರ ಉಸ್ತುವಾರಿಯಲ್ಲಿ ಮಕ್ಕಳು ಇರುವುದು ಸರಿಯಲ್ಲ, ಮಕ್ಕಳನ್ನು ತಂದೆಗೆ ಒಪ್ಪಿಸಿ ಎಂದರು. ಬೆಸೆಂಟ್ ಮೇಲ್ಮನವಿ ಹಾಕಿದರು. ಅಕ್ಟೋಬರಿನಲ್ಲಿ ಹೈಕೋರ್ಟಿನ ಪೀಠ ಅದನ್ನೂ ತಳ್ಳಿಹಾಕಿತು.

ಅಪ್ಪ ಗೆದ್ದರು. ಕಾನೂನಿನ ಪ್ರಕಾರ ಅಪ್ಪನೇ ಸಹಜ ಪೋಷಕ, ಮಕ್ಕಳು ಅಪ್ಪನಿಗೆ. ಎಲ್ಲರಿಗೂ ಸರಿಯಾಗಿಯೇ ಕಂಡಿತು. ಆದರೆ ಈ ಇಡೀ ಜಗಳದಲ್ಲಿ ಒಂದು ಕೊರತೆ ಇತ್ತು. ಮೊಕದ್ದಮೆ ಯಾರ ಬಗ್ಗೆಯೋ ಆ ಹುಡುಗರು ಕೋರ್ಟಿನಲ್ಲಿ ಇರಲೇ ಇಲ್ಲ. ಅವರು ಸಾವಿರಾರು ಮೈಲಿ ಆಚೆ ಇದ್ದರು. ಅವರ ಪರವಾಗಿ ಮಾತಾಡುವವರೂ ಇರಲಿಲ್ಲ.

ಲಂಡನ್ನಿನ ತೀರ್ಪು

ಆಗ ಭಾರತದ ವ್ಯಾಜ್ಯಗಳಿಗೆ ಕೊನೆಯ ಕೋರ್ಟು ಲಂಡನ್ನಿನ ಪ್ರಿವಿ ಕೌನ್ಸಿಲ್. ಬೆಸೆಂಟ್ ಅಲ್ಲಿಗೆ ಹೋದರು. 1914ರ ಮೇ 25ರಂದು ಲಾರ್ಡ್ ಪಾರ್ಕರ್ ಓದಿದ ತೀರ್ಪು ಮದ್ರಾಸಿನ ಆದೇಶವನ್ನು ತಲೆಕೆಳಗು ಮಾಡಿತು. ಆ ತೀರ್ಪಿನಲ್ಲಿ ನಮಗೆ ಬೇಕಾದ ಮೂರು ಮಾತಿವೆ.

ಮೊದಲನೆಯದು ಕಾಗದದ ಬಗ್ಗೆ. ತಂದೆಗೆ ಮಕ್ಕಳ ಮೇಲಿರುವುದು ಆಸ್ತಿಯ ಹಕ್ಕಲ್ಲ, ಪವಿತ್ರವಾದ ಒಂದು ಹೊಣೆ. ಹೊಣೆಯನ್ನು ಮಾರಲಾಗದು, ಶಾಶ್ವತವಾಗಿ ಬರೆದುಕೊಡಲೂ ಆಗದು. ಮಗುವನ್ನು ಓದಿಸಲು ಸಾಕಲು ಬೇರೆಯವರ ಹತ್ತಿರ ಬಿಡಬಹುದು, ಆದರೆ ಬೇಕೆಂದಾಗ ವಾಪಸ್ ಕೇಳಬಹುದು. ಅಂದರೆ 1910ರ ಆ ಪತ್ರವನ್ನು ಹಿಂತೆಗೆದುಕೊಳ್ಳುವ ಹಕ್ಕು ತಂದೆಗೆ ಇತ್ತು. ಇಷ್ಟರ ಮಟ್ಟಿಗೆ ನಾರಾಯಣಯ್ಯನವರ ಮಾತೇ ಸರಿ.

ಎರಡನೆಯದು ಕೋರ್ಟಿನ ಬಗ್ಗೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿಯ ಜಿಲ್ಲಾ ಕೋರ್ಟಿಗೆ 1890ರ ಕಾಯ್ದೆಯಡಿ ಅರ್ಜಿ ಹಾಕಬೇಕಿತ್ತು. ತಿಂಗಳುಗಳಿಂದ ಇಂಗ್ಲೆಂಡಿನಲ್ಲಿ ಓದುತ್ತಿರುವ ಹುಡುಗರು ಚೆಂಗಲ್ಪಟ್ಟಿನ ನಿವಾಸಿಗಳು ಎಂದು ಹೇಗೆ ಹೇಳುವುದು?

ಮೂರನೆಯದೇ ನಮ್ಮ ಕಥೆಯ ತಿರುಳು. ಇದು ಅಪ್ಪನ ಹಕ್ಕು ಹೆಚ್ಚೋ ಬೆಸೆಂಟ್ ಹಕ್ಕು ಹೆಚ್ಚೋ ಎಂಬ ಪ್ರಶ್ನೆಯಲ್ಲ, ಮಕ್ಕಳ ಹಿತ ಎಲ್ಲಿದೆ ಎಂಬ ಪ್ರಶ್ನೆ ಎಂದಿತು ಪ್ರಿವಿ ಕೌನ್ಸಿಲ್. ಹಾಗಿರುವಾಗ ಮಕ್ಕಳನ್ನೇ ಕಕ್ಷಿ ಮಾಡಿಲ್ಲ, ಅವರ ಪರ ಯಾರೂ ಇಲ್ಲ, ಅವರ ಇಷ್ಟ ಏನೆಂದು ತಿಳಿದುಕೊಂಡಿಲ್ಲ. ಈ ವಯಸ್ಸಿನ ಹುಡುಗರನ್ನು ಅವರ ಮನಸ್ಸಿಲ್ಲದೆ ಮೂಟೆಯಂತೆ ಹಡಗಿಗೆ ಹಾಕಿ ತಂದೊಪ್ಪಿಸಿ ಎಂದು ಆದೇಶ ಮಾಡುವುದು ಹೇಗೆ? ತಂದೆ ಬಯಸಿದರೆ ಇಂಗ್ಲೆಂಡಿನ ಹೈಕೋರ್ಟಿಗೆ ಅರ್ಜಿ ಹಾಕಿಕೊಳ್ಳಲಿ ಎಂದು ಬಾಗಿಲು ತೆರೆದಿಟ್ಟು ಮದ್ರಾಸಿನ ಆದೇಶವನ್ನು ರದ್ದು ಮಾಡಿತು. ಆಗ ಅಣ್ಣನಿಗೆ ಹತ್ತೊಂಬತ್ತು, ತಮ್ಮನಿಗೆ ಹದಿನಾರು ತುಂಬಲು ಕೆಲವೇ ದಿನ.

ಮದ್ರಾಸಿನ ಪಿಂಚಣಿದಾರನಿಗೆ ಲಂಡನ್ನಿನಲ್ಲಿ ಹೊಸ ಮೊಕದ್ದಮೆ ಹೂಡುವುದು ಎಷ್ಟು ಸುಲಭವೋ ನೀವೇ ಯೋಚಿಸಿ. ಹುಡುಗರು ಭಾರತಕ್ಕೆ ಮರಳಿದ್ದು 1921ರ ಕೊನೆಗೆ, ದೊಡ್ಡವರಾದ ಮೇಲೆ. 1924ರಲ್ಲಿ ನಾರಾಯಣಯ್ಯ ತೀರಿಕೊಂಡರು. ಕಾನೂನಿನ ಪುಸ್ತಕದಲ್ಲಿ ಈ ತೀರ್ಪನ್ನು ಹೊಗಳಿ ಓದುವಾಗ ನಮಗೆ ಆ ತಂದೆಯ ಮುಖವೂ ನೆನಪಾಗುತ್ತದೆ. ಬಡತನದಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿ, ಆಮೇಲೆ ಮಕ್ಕಳನ್ನು ಕಳೆದುಕೊಂಡ ಎಷ್ಟೋ ಜನರನ್ನು ನಾವೂ ನೀವೂ ನೋಡಿದ್ದೇವೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಹುಡುಗರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು? ಹಲವು ವರ್ಷ ಬೆಸೆಂಟ್ ಮಡಿಲಲ್ಲೇ ಬೆಳೆದವರು, ಒಬ್ಬನನ್ನು ಜಗದ್ಗುರು ಎಂದು ಕೂರಿಸಿಯಾಗಿದೆ. ಅವರ ಇಷ್ಟದಲ್ಲಿ ಅವರದೆಷ್ಟು, ಸಾಕಿದವರದೆಷ್ಟು? ಇದಕ್ಕೆ ಉತ್ತರ ಹದಿನೈದು ವರ್ಷದ ನಂತರ ಸಿಕ್ಕಿತು ಎನ್ನಬಹುದು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್‌ನಲ್ಲಿ, ತನಗಾಗಿ ಕಟ್ಟಿದ್ದ ಸಂಘವನ್ನು ಸಾವಿರಾರು ಅನುಯಾಯಿಗಳ ಮುಂದೆ ಕೃಷ್ಣಮೂರ್ತಿ ತಾವೇ ಬರಖಾಸ್ತು ಮಾಡಿದರು. ಅಂಥ ಮಾತು ಬಾಯಿಗೆ ಬರಲು ಅವರಿಗೆ ಮೂವತ್ತನಾಲ್ಕು ವರ್ಷ ಆಗಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ

1956ರಲ್ಲಿ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯ್ದೆ ಬಂತು. ಅದರಲ್ಲೂ ಮೊದಲ ಪೋಷಕ ತಂದೆ, ಅವನ ನಂತರ ತಾಯಿ. ಆದರೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು ಸೇರಿಸಿದರು. ಎಲ್ಲಕ್ಕಿಂತ ಮಗುವಿನ ಹಿತವೇ ದೊಡ್ಡದು ಎಂದು 13ನೇ ಸೆಕ್ಷನ್ ಹೇಳಿತು.

ಇಲ್ಲಿಂದಲೇ ನಮ್ಮ ಊರುಗಳಲ್ಲಿ ಒಂದು ತಪ್ಪು ತಿಳಿವಳಿಕೆ ಹುಟ್ಟಿದೆ. "ಐದು ವರ್ಷ ಅಮ್ಮಂದು, ಆಮೇಲೆ ಅಪ್ಪಂದು" ಎನ್ನುತ್ತಾರೆ. ಕಾನೂನು ಹಾಗೆ ಹೇಳಿಲ್ಲ. ಐದರ ಒಳಗೆ ಸಾಮಾನ್ಯವಾಗಿ ತಾಯಿ ಎಂದಿದೆ. ಐದು ತುಂಬಿದ ಮರುದಿನ ಮಗು ತಂತಾನೇ ತಂದೆಯ ಪಾಲಾಗುತ್ತದೆ ಎಂದು ಎಲ್ಲೂ ಇಲ್ಲ. ಅಲ್ಲಿಂದ ಮುಂದೆ ಮಗುವಿನ ಹಿತ ನೋಡಿ ಕೋರ್ಟು ತೀರ್ಮಾನಿಸುತ್ತದೆ.

'ತಂದೆಯ ನಂತರ ತಾಯಿ' ಎಂಬುದನ್ನು ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕು ಎಂದಿದ್ದರಿಂದ ಎದ್ದ ಮೊಕದ್ದಮೆ ಅದು. 1999ರಲ್ಲಿ ಕೋರ್ಟು, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ತಂದೆ ಹೊಣೆ ಹೊರದೆ ದೂರ ಇದ್ದಾಗಲೂ ತಾಯಿಯೇ ಪೋಷಕಳಾಗಬಹುದು ಎಂದು ಬಿಡಿಸಿ ಹೇಳಿತು.

ಇದರ ನಡುವೆ 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾಡಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿಗೆ ಮಾತಾಡುವ ಹಕ್ಕಿದೆ, ವಯಸ್ಸಿಗೆ ತಕ್ಕಂತೆ ಆ ಮಾತಿಗೆ ತೂಕ ಕೊಡಬೇಕು ಎಂದು ಅದರ 12ನೇ ವಿಧಿ ಹೇಳುತ್ತದೆ. ಭಾರತ 1992ರ ಡಿಸೆಂಬರಿನಲ್ಲಿ ಅದನ್ನು ಒಪ್ಪಿಕೊಂಡಿತು.

ಕೇಳುವುದು ಬೇರೆ, ಆರಿಸು ಎನ್ನುವುದು ಬೇರೆ

ಈಗ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಬೇರೆ ರಾಜ್ಯದ ಕುಟುಂಬಗಳದ್ದು, ಹೆಸರು ನಮಗೆ ಬೇಡ.

ಮೊದಲನೆಯದು 2008ರದ್ದು. ತಾಯಿ ತೀರಿಕೊಂಡಿದ್ದಳು. ಅವಳ ಸಾವಿನ ವಿಷಯದಲ್ಲಿ ತಂದೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ಇತ್ತು. ಮಗು ತಾಯಿಯ ಅಪ್ಪ ಅಮ್ಮನ ಹತ್ತಿರ ಬೆಳೆಯುತ್ತಿತ್ತು. ತಂದೆಯೇ ಸಹಜ ಪೋಷಕ ಎಂದು ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಮಗುವನ್ನು ಅವನಿಗೆ ಕೊಡಲು ಹೇಳಿದ್ದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಆ ಹುಡುಗನನ್ನು ತಮ್ಮ ಕೊಠಡಿಗೆ ಕರೆಸಿ ಮಾತಾಡಿದರು. ಆರು ವರ್ಷದ ಹುಡುಗ, ತಾನು ಅಜ್ಜ ಅಜ್ಜಿಯ ಹತ್ತಿರವೇ ಇರುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದ. ಮಗುವಿನ ಇಷ್ಟವನ್ನೂ ತಂದೆಯ ಮೇಲಿನ ಮೊಕದ್ದಮೆಯನ್ನೂ ಕೆಳಗಿನ ಕೋರ್ಟುಗಳು ನೋಡಲೇ ಇಲ್ಲ ಎಂದು ಹಿಂದಿನ ಆದೇಶ ರದ್ದಾಯಿತು.

ಎರಡನೆಯದು 2017ರದ್ದು. ಹೆಣ್ಣುಮಗು ಎರಡು ವರ್ಷ ತುಂಬುವ ಮೊದಲಿನಿಂದ ತಂದೆಯ ಹತ್ತಿರವೇ ಬೆಳೆದಿತ್ತು. ಎಂಟು ವರ್ಷವಾಗಿತ್ತು. ಅಪ್ಪನ ಮನೆಯೇ ಅದರ ಪ್ರಪಂಚ. ಅಮ್ಮನ ಜೊತೆ ಇದ್ದ ಅನುಭವವೇ ಇಲ್ಲದ ಮಗು ಅಮ್ಮನ ಬಗ್ಗೆ ಹೇಗೆ ತೀರ್ಮಾನಿಸೀತು ಎಂದು ಕೋರ್ಟು ಯೋಚಿಸಿತು. ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವ ಅಪಾಯದ ಬಗ್ಗೆಯೂ ಬರೆಯಿತು. ಒಂದು ವರ್ಷ ತಾಯಿಯ ಹತ್ತಿರ ಇರಲಿ, ಆಮೇಲೆ ನೋಡೋಣ ಎಂದಿತು.

ಒಂದರಲ್ಲಿ ಮಗುವಿನ ಮಾತಿಗೆ ತೂಕ ಸಿಕ್ಕಿತು. ಇನ್ನೊಂದರಲ್ಲಿ ಮಗುವಿನ ಮನಸ್ಸನ್ನು ಯಾರು ಹೇಗೆ ರೂಪಿಸಿದ್ದಾರೆ ಎಂದು ಕೆದಕಿ ನೋಡಿದರು. ಎದುರು ಬದುರು ಅನ್ನಿಸಬಹುದು. ನಮಗೆ ಎರಡೂ ಒಂದೇ ಅನ್ನಿಸುತ್ತದೆ. ಮಗುವನ್ನು ಕೇಳಬೇಕು. ಆದರೆ ತೀರ್ಮಾನದ ಭಾರವನ್ನು ಅದರ ತಲೆಯ ಮೇಲೆ ಹೊರಿಸಬಾರದು. ತೀರ್ಮಾನ ದೊಡ್ಡವರದೇ. 'ನಾನು ಅಮ್ಮನ್ನ ಬೇಡ ಅಂದೆ' ಎಂಬ ಮಾತನ್ನು ಜೀವನವಿಡೀ ಹೊತ್ತುಕೊಂಡು ತಿರುಗುವ ಶಿಕ್ಷೆ ಯಾವ ಮಗುವಿಗೂ ಬೇಡ.

ಅದಕ್ಕೇ ಒಳ್ಳೆಯ ಜಡ್ಜ್ ಮಗುವನ್ನು ತುಂಬಿದ ಕೋರ್ಟಿನಲ್ಲಿ ಕೇಳುವುದಿಲ್ಲ. ತಮ್ಮ ಕೊಠಡಿಗೆ ಕರೆಸುತ್ತಾರೆ. ಅಪ್ಪ ಅಮ್ಮ ಹೊರಗೆ ಇರುತ್ತಾರೆ. ಯಾರು ಬೇಕು ಎಂದು ಕೇಳುವ ಬದಲು ಸ್ಕೂಲು ಹೇಗಿದೆ, ಊಟ ಯಾರು ಹಾಕುತ್ತಾರೆ, ರಾತ್ರಿ ಯಾರ ಪಕ್ಕ ಮಲಗುತ್ತೀಯ, ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಮಾತಿಗೆಳೆಯುತ್ತಾರೆ. ಉತ್ತರ ತಾನಾಗಿ ಬರುತ್ತದೆ.

ನಮ್ಮ ಕಟ್ಟೆಗೆ ಬಂದರೆ

ನೂರು ವರ್ಷದ ಈ ಕಥೆಯಿಂದ ಊರಿನ ನಮಗೆ ಸಿಗುವ ಲಾಭ ಇಷ್ಟು.

ಛಾಪಾ ಕಾಗದದ ಮೇಲೆ "ಮಗುವಿನ ಮೇಲೆ ನನಗೆ ಹಕ್ಕಿಲ್ಲ" ಎಂದು ಬರೆಸಿಕೊಂಡರೆ ಕಥೆ ಮುಗಿಯಲಿಲ್ಲ. ಹೆದರಿಕೆಯಲ್ಲೋ ಕಷ್ಟದಲ್ಲೋ ಸಹಿ ಹಾಕಿದ ತಾಯಿ ತಂದೆ ಕೋರ್ಟಿಗೆ ಹೋಗಬಹುದು. ಆದರೆ ತಡ ಮಾಡಬೇಡಿ. ಮಗು ಹೊಸ ಜಾಗದಲ್ಲಿ ಬೇರು ಬಿಟ್ಟಷ್ಟೂ ಕಷ್ಟ, ನಾರಾಯಣಯ್ಯನವರಿಗೆ ಆದಂತೆ.

ಅರ್ಜಿ ಹಾಕಬೇಕಾದ್ದು ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೌಟುಂಬಿಕ ಕೋರ್ಟಿಗೆ, ಅದಿಲ್ಲದ ಕಡೆ ಜಿಲ್ಲಾ ಕೋರ್ಟಿಗೆ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಗುವಿಗೆ ತೊಂದರೆ ಆಗುತ್ತಿದೆ ಅನ್ನಿಸಿದರೆ 1098.

ಕೋರ್ಟಿನ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಬದಲಾಯಿಸಿ ಎಂದು ಕೇಳಬಹುದು. ಮಗು ಒಬ್ಬರ ಹತ್ತಿರ ಇದ್ದರೂ ಇನ್ನೊಬ್ಬರು ನೋಡಲು, ಮಾತಾಡಲು, ರಜೆಯಲ್ಲಿ ಜೊತೆಗಿರಲು ಅವಕಾಶ ಕೇಳಬಹುದು.

ಕೊನೆಯದಾಗಿ ಕಟ್ಟೆಯ ಹಿರಿಯರಲ್ಲಿ ಒಂದು ಬಿನ್ನಹ. ನೀವು ರಾಜಿ ಮಾಡಿಸಿ, ಬೇಡ ಎನ್ನುವುದಿಲ್ಲ. ಎಷ್ಟೋ ಮನೆ ಉಳಿದಿರುವುದು ನಿಮ್ಮಿಂದ. ಆದರೆ ಮಗುವನ್ನು ಜನರ ನಡುವೆ ನಿಲ್ಲಿಸಿ ಆ ಪ್ರಶ್ನೆ ಕೇಳಬೇಡಿ. ಕೇಳಲೇಬೇಕಾದರೆ ಅದಕ್ಕೆ ಸಲಿಗೆ ಇರುವ ಒಬ್ಬರು, ಶಾಲೆಯ ಮೇಡಮ್ಮೋ ಅಂಗನವಾಡಿ ಅಕ್ಕನೋ, ಪಕ್ಕಕ್ಕೆ ಕರೆದು ಮಾತಾಡಿಸಲಿ. ನಮ್ಮಂಥ ಸುದ್ದಿಯವರು ಅಲ್ಲಿದ್ದರೆ ಎದ್ದು ಹೋಗಿ ಎಂದು ಹೇಳಿ.

ಆ ಹುಡುಗಿಯ ಮಾತನ್ನು ನಾವು 'ಜಾಣ ಉತ್ತರ' ಎಂದು ಬರೆದಿದ್ದೆವು. ಈಗ ಯೋಚಿಸಿದರೆ ಅದು ಜಾಣತನವಲ್ಲ. ಕಟ್ಟೆಯ ಮೇಲೆ ಕೂತ ನಮಗೆಲ್ಲ ಹೊಳೆಯದ ಪ್ರಶ್ನೆಯನ್ನು ಅವಳು ಕೇಳಿದ್ದಳು. ಒಡಹುಟ್ಟಿದವರನ್ನು ಅಗಲಿಸಬಾರದು ಎಂಬುದನ್ನು ಕೋರ್ಟುಗಳೂ ಸಾಮಾನ್ಯವಾಗಿ ಗಮನಿಸುತ್ತವೆ. ಅವಳು ಅಪ್ಪನನ್ನೂ ಕೇಳಲಿಲ್ಲ, ಅಮ್ಮನನ್ನೂ ಕೇಳಲಿಲ್ಲ. ತಮ್ಮ ಎಲ್ಲಿರ್ತಾನೆ ಎಂದಳು. ಅವಳ ಇಷ್ಟ ಏನೆಂದು ಅವಳು ಹೇಳಿಯೇ ಇದ್ದಳು. ನಾವು ನಗುತ್ತಿದ್ದೆವು, ಕೇಳಿಸಿಕೊಳ್ಳಲಿಲ್ಲ.